ಮಳೆಯ ಸಾಲಿಲ್ಲದ ಇಮೇಲ್

ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು, ನಾವೆಲ್ಲ ಅಕ್ಕ ಎನ್ನುವವರು, ತಮಿಳುನಾಡಿನ ಈರೋಡಿನ ವ್ಯಾಪಾರಿಗೆ ಬರೆಯುವ ಪ್ರತಿ ಇಮೇಲಿನ ಕೊನೆಗೂ ಒಂದು ಸಾಲು ಇರುತ್ತದೆ: ಹಿಂದಿನ ದಿನ ನಮ್ಮಲ್ಲಿ ಬಿದ್ದ ಮಳೆ, ಇಂಚು ಮತ್ತು ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ. ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಅಳೆದು ಪುಸ್ತಕದಲ್ಲಿ ಬರೆದಿಡುವುದು ಕೊಡಗಿನ ತೋಟದ ಮನೆಗಳ ಹಳೆಯ ರೂಢಿ. ಸರಕಾರಿ ಲೆಕ್ಕ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾದರೂ ತೋಟದ ಲೆಕ್ಕ ಇಂಚಿನಲ್ಲೇ ಉಳಿದಿದೆ. ಈರೋಡಿನ ಪಕ್ಕದಲ್ಲಿ ಹರಿಯುವುದೂ ನಮ್ಮ ಕಾವೇರಿಯೇ. ಬಹಳ ವರ್ಷಗಳ ಹಿಂದೆ ಆ ವ್ಯಾಪಾರಿ ಒಮ್ಮೆ ‘ನಿಮ್ಮಲ್ಲಿ ಮಳೆ ಹೇಗಿದೆ?’ ಎಂದು ಕೇಳಿದ್ದರು. ಅಂದಿನಿಂದ ಆ ಸಾಲು ತಪ್ಪಿಲ್ಲ.

2024ರ ಜುಲೈ ಕೊನೆಯಲ್ಲಿ, ಕೊಡವರ ಕಕ್ಕಡ ತಿಂಗಳ ಮಳೆ ಜೋರಾಗಿದ್ದಾಗ, ಅವರಿಗೆ ಮಳೆಯ ಸಾಲಿಲ್ಲದ ಇಮೇಲ್ ಒಂದು ಹೋಯಿತು. ನಮ್ಮ ವಿಳಾಸದಿಂದಲೇ ಹೋಗಿತ್ತು, ಅಕ್ಕನ ಹೆಸರೇ ಇತ್ತು. ಕರಿಮೆಣಸಿನ ಬಾಬ್ತು ನಮಗೆ ಬರಬೇಕಿದ್ದ 3,86,000 ರೂಪಾಯಿಯನ್ನು ಹಳೆಯ ಬ್ಯಾಂಕ್ ಖಾತೆಗೆ ಹಾಕಬೇಡಿ, ಅಲ್ಲಿ ಲೆಕ್ಕ ಪರಿಶೋಧನೆ ನಡೆಯುತ್ತಿದೆ, ಈ ಹೊಸ ಖಾತೆಗೆ ಹಾಕಿ ಎಂದು ಬರೆದಿತ್ತು. ಬಿಲ್ಲಿನ ಸಂಖ್ಯೆ ಸರಿಯಾಗಿತ್ತು, ಮೊತ್ತ ಸರಿಯಾಗಿತ್ತು, ಹಿಂದಿನ ಪತ್ರವ್ಯವಹಾರವೆಲ್ಲ ಕೆಳಗೆ ಹಾಗೆಯೇ ಇತ್ತು. ಕೊಡಗಿನ ಹೊಳೆಗಳು ತುಂಬಿ ಹರಿಯುವುದನ್ನು ಟಿವಿಯಲ್ಲಿ ನೋಡುತ್ತಿದ್ದ ಆ ವ್ಯಾಪಾರಿಗೆ, ಇಂಥ ದಿನ ಅಕ್ಕ ಮಳೆಯ ಮಾತೇ ಎತ್ತದಿರುವುದು ಸರಿಯೆನಿಸಲಿಲ್ಲ. ನಮ್ಮ ಸ್ಥಿರ ದೂರವಾಣಿಗೆ ಫೋನ್ ಮಾಡಿದರು. ತಂತಿಯ ಮೇಲೆ ಸಿಲ್ವರ್ ಓಕ್ ಮರ ಬಿದ್ದಿತ್ತು, ಸಿಗಲಿಲ್ಲ. ಮೊಬೈಲಿಗೆ ಮಾಡಿದರು, ಸಿಗ್ನಲ್ ಇರಲಿಲ್ಲ. ಹಣ ಹಾಕದೆ ಒಂದು ದಿನ ಕಾದರು. ಮರುದಿನ ಮಧ್ಯಾಹ್ನ ಫೋನ್ ಸಿಕ್ಕಾಗ ಅವರು ಕೇಳಿದ ಮೊದಲ ಮಾತು: ‘ಅಮ್ಮಾ, ಖಾತೆ ಬದಲಾಯಿಸಿದ್ದೀರಾ?’

ಆ ಪತ್ರ ಹೋದ ಹೊತ್ತಿಗೆ ನಮ್ಮ ಕಚೇರಿಯಲ್ಲಿ ಕರೆಂಟೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ನಾವು ಮೇಣದ ಬತ್ತಿ ಹಚ್ಚಿಕೊಂಡು ಕುಳಿತಿದ್ದಾಗ ನಮ್ಮ ಹೆಸರಿನಲ್ಲಿ ಬೇರೆ ಯಾರೋ ವ್ಯವಹಾರ ನಡೆಸುತ್ತಿದ್ದರು. ಇದನ್ನು ಈಗ ಬರೆಯುವಾಗಲೂ ನನಗೆ ಕೈ ತಣ್ಣಗಾಗುತ್ತದೆ.

ನಮ್ಮದು ದೊಡ್ಡ ಸಂಸ್ಥೆಯೇನೂ ಅಲ್ಲ. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಒಂದು ಇಳಿಜಾರು, ಅದರ ಮೇಲೆ ಕಚೇರಿ, ಹಿಂದೆ ಕಣ, ಕೆಳಗೆ ಗೋದಾಮು. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ ಕಟ್ಟಿ ಹೊರಗೆ ಕಳುಹಿಸುತ್ತೇವೆ. ಮಾಲೀಕರನ್ನೂ ಸೇರಿಸಿ ಹದಿನಾಲ್ಕು ಜನ. ಕಂಪ್ಯೂಟರಿನ ಕೆಲಸವೆಂದರೆ ನನ್ನ ಕಡೆಗೆ ತಳ್ಳುವುದು ಇಲ್ಲಿನ ವಾಡಿಕೆಯಾದ್ದರಿಂದ ಏನಾಯಿತೆಂದು ಹುಡುಕುವ ಹೊಣೆಯೂ ನನ್ನ ಮೇಲೆ ಬಂತು.

ಹುಡುಕಿದಾಗ ಸಿಕ್ಕಿದ್ದು ಇಷ್ಟು. ಒಂಬತ್ತು ದಿನ ಹಿಂದೆ, ಲಾರಿ ಸಾಗಣೆಯ ಪರಿಚಿತರೊಬ್ಬರ ವಿಳಾಸದಿಂದ ‘ಬಾಕಿ ಬಿಲ್ ನೋಡಿ’ ಎಂಬ ಇಮೇಲ್ ಬಂದಿತ್ತು. ಕೊಂಡಿ ಒತ್ತಿದರೆ ನಮ್ಮ ಇಮೇಲಿನ ಪ್ರವೇಶ ಪುಟದಂತೆಯೇ ಕಾಣುವ ಪುಟ. ಅಕ್ಕ ಪಾಸ್‌ವರ್ಡ್ ಕೊಟ್ಟರು. ಪುಟ ತೆರೆಯಲಿಲ್ಲ. ಮಳೆಗಾಲದಲ್ಲಿ ಪುಟ ತೆರೆಯದಿರುವುದು ನಮಗೆ ಹೊಸದಲ್ಲ, ಹಾಗಾಗಿ ಅವರು ಅದನ್ನು ಅಲ್ಲಿಗೇ ಬಿಟ್ಟರು. ಒಳಗೆ ಬಂದವನು ಒಂದು ವಾರ ಸುಮ್ಮನೆ ಓದಿದ್ದಾನೆ. ಈರೋಡಿನಿಂದ ಬರುವ ಪತ್ರಗಳು ಅಕ್ಕನ ಕಣ್ಣಿಗೆ ಬೀಳದೆ, ‘ಓದಲಾಗಿದೆ’ ಎಂಬ ಗುರುತಿನೊಂದಿಗೆ ಯಾರೂ ತೆರೆಯದ ಕಡತವೊಂದಕ್ಕೆ ಸರಿಯುವಂತೆ ಒಂದು ನಿಯಮ ಬರೆದಿಟ್ಟಿದ್ದಾನೆ. ಆಮೇಲೆ ಆ ಪತ್ರ ಕಳುಹಿಸಿದ್ದಾನೆ. ನಾವು ಪಾಸ್‌ವರ್ಡ್ ಬದಲಾಯಿಸಿ ನಿಟ್ಟುಸಿರು ಬಿಟ್ಟ ಮರುದಿನವೂ ಆ ನಿಯಮ ತನ್ನ ಕೆಲಸ ಮಾಡುತ್ತಲೇ ಇತ್ತು. ಪಾಸ್‌ವರ್ಡ್ ಬದಲಾಯಿಸಿದರೆ ಅದು ಹೋಗುವುದಿಲ್ಲ, ಹುಡುಕಿ ಅಳಿಸಬೇಕು. ಇಂಥದ್ದು ನಡೆದವರು ಮೊದಲು ಎಲ್ಲ ಸಾಧನಗಳಲ್ಲಿಯೂ ಖಾತೆಯಿಂದ ಲಾಗ್ ಔಟ್ ಆಗುವಂತೆ ಮಾಡಿ, ಆಮೇಲೆ ಇಮೇಲಿನ ಸೆಟ್ಟಿಂಗ್‌ನಲ್ಲಿ ಫಿಲ್ಟರುಗಳನ್ನೂ (ಇಂಥ ನಿಯಮಗಳ ಹೆಸರು ಅದು) ತಾನಾಗಿ ಮುಂದೆ ಕಳುಹಿಸುವ ವಿಳಾಸಗಳನ್ನೂ ನೋಡಿ ಎಂದು ಕೈಮುಗಿದು ಹೇಳುತ್ತೇನೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಸರಿದು ಹೋಗುವ ಮೊದಲು ತಡೆಹಿಡಿಸುವ ಅವಕಾಶ ಇರುವುದು ಆ ಮೊದಲ ಗಂಟೆಗಳಲ್ಲಿಯೇ.

ನಮ್ಮ ಹಣ ಹೋಗಲಿಲ್ಲ. ಆದರೆ ಅಕ್ಕ ಆ ಸಂಜೆ ಕುರ್ಚಿಯಿಂದ ಏಳಲಿಲ್ಲ. ಬುತ್ತಿ ಬಿಚ್ಚಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಪೈಸೆಯ ತಪ್ಪು ಲೆಕ್ಕ ಬರೆಯದವರು ‘ನನ್ನನ್ನು ಕೆಲಸದಿಂದ ಬಿಡಿಸುತ್ತಾರೆಯೇ?’ ಎಂದು ನನ್ನನ್ನು ಕೇಳಿದರು. ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಹುಟ್ಟಿದ್ದು ಆ ಪ್ರಶ್ನೆಯಿಂದ. ಒಂದು ಪಾಸ್‌ವರ್ಡಿನ ಮೇಲೆ ಇಡೀ ಸಂಸ್ಥೆಯನ್ನು ನಿಲ್ಲಿಸಿ, ಬಿಡುವಿಲ್ಲದ ಒಂದು ಮಧ್ಯಾಹ್ನ ದಣಿದ ಒಬ್ಬರು ಒಂದು ಸಲ ಎಡವಿದ ಮಾತ್ರಕ್ಕೆ ಎಲ್ಲ ಭಾರವನ್ನೂ ಅವರ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಎಡವುವುದು ಸಹಜ. ಎಡವಿದವರು ಬೀಳದಂತೆ ಹಿಡಿಯಲು ಇನ್ನೊಂದು ಕೈ ಇರಬೇಕಿತ್ತು. ಅದನ್ನು ಇಡದೆ ಇದ್ದ ತಪ್ಪು ಅಕ್ಕನದಲ್ಲ, ಅದನ್ನು ಮಾಡಬೇಕಾಗಿದ್ದ ನನ್ನದು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪ್ಯೂಟರ್ ದಾಳಿಯಿಂದಾಗಿ ದಿನಗಟ್ಟಲೆ ನಿಂತುಹೋಯಿತು. ದಾಳಿಕೋರರು ಒಳಹೊಕ್ಕಿದ್ದು ಬಳಕೆಯಲ್ಲಿರಬಾರದಿದ್ದ ಹಳೆಯ ವಿಪಿಎನ್ (ಹೊರಗಿನಿಂದ ಸಂಸ್ಥೆಯ ಜಾಲಕ್ಕೆ ಸೇರುವ ದಾರಿ) ಖಾತೆಯೊಂದರ ಮೂಲಕ. ಅದಕ್ಕೆ ಪಾಸ್‌ವರ್ಡ್ ಇತ್ತು, ಎರಡನೆಯ ಹಂತ ಇರಲಿಲ್ಲ. ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟರು. ಇದನ್ನು ಓದಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ನಮ್ಮಲ್ಲಿ ಕೆಲಸ ಬಿಟ್ಟುಹೋದವರ ಹೆಸರಿನಲ್ಲಿ ಇನ್ನೂ ತೆರೆದೇ ಇದ್ದ ಖಾತೆಗಳನ್ನು ಮುಚ್ಚಿದ್ದು. ಐದು ಸಿಕ್ಕಿದವು.

ಎರಡನೆಯ ಹಂತ ಎಂದರೆ ಏನೆಂದು ಎಲ್ಲರಿಗೂ ಮೊದಲು ಹೇಳಬೇಕಾಯಿತು. ನಾವು ನಾವೇ ಎಂದು ತೋರಿಸಲು ಮೂರು ಬಗೆಯ ಆಧಾರಗಳಿವೆ: ನಮಗೆ ಮಾತ್ರ ತಿಳಿದಿರುವುದು, ನಮ್ಮ ಕೈಯಲ್ಲಿ ಮಾತ್ರ ಇರುವುದು, ನಮ್ಮ ಮೈಯಲ್ಲೇ ಇರುವುದು. ಪಾಸ್‌ವರ್ಡ್ ಮೊದಲನೆಯದು, ಫೋನ್ ಅಥವಾ ಕೀಲಿ ಎರಡನೆಯದು, ಬೆರಳಚ್ಚು ಮೂರನೆಯದು. ಬೇರೆ ಬೇರೆ ಬಗೆಯ ಎರಡಾದರೂ ಸೇರಿದರೆ ಮಾತ್ರ ಅದು ಬಹು ಅಂಶ ದೃಢೀಕರಣ. ಎರಡು ಪಾಸ್‌ವರ್ಡ್ ಇಟ್ಟರೆ ಆಗುವುದಿಲ್ಲ, ಮೋಸದ ಪುಟ ಎರಡನ್ನೂ ಕೇಳುತ್ತದೆ. ಬೆರಳಚ್ಚಿನ ದಾರಿ ನಮ್ಮಲ್ಲಿ ಎಲ್ಲರಿಗೂ ಒಗ್ಗಲಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣು, ಮೆಣಸು, ಗೋಣಿಚೀಲ ಮುಟ್ಟಿ ಮುಟ್ಟಿ ಗೋದಾಮಿನವರ ಬೆರಳ ಗೆರೆಗಳು ಸವೆದಿರುತ್ತವೆ. ಪಡಿತರದ ಯಂತ್ರದ ಮುಂದೆ ಹೆಬ್ಬೆರಳು ಉಜ್ಜಿ ಉಜ್ಜಿ ನಿಲ್ಲುವ ಹಿರಿಯರನ್ನು ನಮ್ಮೂರಲ್ಲಿ ಯಾರು ನೋಡಿಲ್ಲ?

ಹಾಗಾದರೆ ಫೋನಿಗೆ ಬರುವ ಒಟಿಪಿ ಸಾಕಲ್ಲವೇ ಎಂದರು ಮಾಲೀಕರು. ಅದು ಸಹಜವಾದ ಮಾತು. ಇಂಟರ್ನೆಟ್‌ನಲ್ಲಿ ಕಾರ್ಡ್ ಬಳಸುವಾಗ ಇನ್ನೊಂದು ದೃಢೀಕರಣ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ಕಡ್ಡಾಯ ಮಾಡಿತು. ಅಂದಿನಿಂದ ಈ ದೇಶದಲ್ಲಿ ಒಟಿಪಿ ಎಂಬುದು ಅಕ್ಕಿ, ಉಪ್ಪಿನಷ್ಟೇ ಮನೆಮಾತಾಗಿದೆ. ನಾವೂ ಅದರಿಂದಲೇ ಶುರು ಮಾಡಿದೆವು. ಎರಡು ವಾರವೂ ನಡೆಯಲಿಲ್ಲ.

ಕಾರಣ ನಮ್ಮ ನೆಲ. ಕಚೇರಿಗೆ ಕೇಬಲ್ ಮೂಲಕ ಇಂಟರ್ನೆಟ್ ಬರುತ್ತದೆ, ಇನ್ವರ್ಟರ್ ಇರುವಷ್ಟು ಹೊತ್ತು ಕಂಪ್ಯೂಟರ್ ನಡೆಯುತ್ತದೆ. ಆದರೆ ಗುಡ್ಡದ ಮಡಿಲಿನ ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಎಂಬುದು ಒಳ್ಳೆಯ ಬಿಸಿಲಿನ ದಿನವೇ ಒಂದು ಗೆರೆ. ಮಳೆ ಹಿಡಿದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಆ ಒಂದು ಗೆರೆಯೂ ಇಲ್ಲ. ಪರದೆಯ ಮೇಲೆ ‘ಒಟಿಪಿ ಕಳುಹಿಸಲಾಗಿದೆ’ ಎಂದು ಬರುತ್ತದೆ, ಅದು ಇತ್ತ ಬರುವುದೇ ಇಲ್ಲ. ಅಕ್ಕ ಕೊಡೆ ಹಿಡಿದು ಕಣದ ಮೇಲಿನ ಮೂಲೆಗೆ ಹತ್ತುತ್ತಿದ್ದರು, ಅಲ್ಲಿ ಹಲಸಿನ ಮರದ ಕೆಳಗೆ ಕೆಲವೊಮ್ಮೆ ಸಿಗ್ನಲ್ ಸಿಗುತ್ತದೆ. ಅಲ್ಲಿ ಬಂದ ಆರು ಅಂಕೆಯನ್ನು ನೆನಪಿಟ್ಟುಕೊಂಡು ಇಳಿದು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಜಾರುವ ಪಾಚಿಯ ಮೇಲೆ ಐವತ್ತು ದಾಟಿದ ಹೆಂಗಸನ್ನು ದಿನಕ್ಕೆ ನಾಲ್ಕು ಸಲ ಹತ್ತಿಸಿ ಇಳಿಸುವ ಸುರಕ್ಷತೆ ನನಗೆ ಬೇಡವೆನಿಸಿತು. ಬೀಗ ಕಳ್ಳನನ್ನು ತಡೆಯಬೇಕು ನಿಜ, ಮನೆಯವರನ್ನು ಮಳೆಯಲ್ಲಿ ನಿಲ್ಲಿಸಬಾರದು. ಎಸ್‌ಎಂಎಸ್ ಬಗ್ಗೆ ಬೇರೆ ಆಕ್ಷೇಪಗಳೂ ಇವೆ. ನಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಪಡೆದುಕೊಂಡವನಿಗೆ ನಮ್ಮ ಒಟಿಪಿ ಎಲ್ಲ ಹೋಗುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿಯೇ ಅದನ್ನು ಎಚ್ಚರಿಕೆಯಿಂದ, ಮಿತಿಯಲ್ಲಿ ಬಳಸಬೇಕಾದ ವಿಧಾನಗಳ ಗುಂಪಿಗೆ ಸೇರಿಸಿತು. ಹಾಗೆಂದು ಬೇರೇನೂ ಇಲ್ಲದ ಕಡೆ ಎಸ್‌ಎಂಎಸ್ ಒಟಿಪಿಯನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ನಮಗೆ ಒದಗಿದ್ದು ಅಥೆಂಟಿಕೇಟರ್ ಆಪ್. ಪ್ರತಿ 30 ಸೆಕೆಂಡಿಗೆ ಒಂದು ಹೊಸ ಆರಂಕಿಯ ಸಂಖ್ಯೆ ತೋರಿಸುವ ಸಣ್ಣ ಆಪ್ ಅದು. ಗೂಗಲ್, ಮೈಕ್ರೋಸಾಫ್ಟ್ ಮೊದಲಾದವರ ಆಪ್‌ಗಳು ಉಚಿತವಾಗಿ ಸಿಗುತ್ತವೆ. ಅದಕ್ಕೆ ಸಿಗ್ನಲ್ ಬೇಡ, ಇಂಟರ್ನೆಟ್ ಬೇಡ, ಸಿಮ್ ಕೂಡ ಬೇಡ. ಇದನ್ನು ನಮ್ಮಲ್ಲಿ ಯಾರೂ ಮೊದಲು ನಂಬಲಿಲ್ಲ. ಗೋದಾಮಿನ ಹಿರಿಯರು, ನಾವೆಲ್ಲ ಅಣ್ಣ ಎನ್ನುವವರು, ‘ಟವರ್ ಇಲ್ಲದೆ ನಂಬರ್ ಎಲ್ಲಿಂದ ಬರುತ್ತದೆ, ಮೇಡಂ?’ ಎಂದು ಕೇಳಿದರು. ಎಲ್ಲಿಂದಲೂ ಬರುವುದಿಲ್ಲ, ಫೋನಿನೊಳಗೇ ಹುಟ್ಟುತ್ತದೆ ಎಂದೆ. ಮೊದಲ ದಿನ ಪರದೆಯ ಮೇಲಿನ ಕ್ಯೂಆರ್ ಚೌಕವನ್ನು ಫೋನಿನಿಂದ ಹಿಡಿದಾಗ ಒಂದು ಗುಟ್ಟಿನ ಪದ ಫೋನಿಗೆ ಸೇರುತ್ತದೆ. ಅದೇ ಪದ ಆ ಕಡೆಯ ಕಂಪ್ಯೂಟರಿನಲ್ಲಿಯೂ ಇರುತ್ತದೆ. ಆಮೇಲೆ ಇಬ್ಬರೂ ಮಾತಾಡುವುದಿಲ್ಲ. ಇಬ್ಬರೂ ಗಡಿಯಾರ ನೋಡುತ್ತಾರೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು ಸೆಕೆಂಡು ಕಳೆದಿದೆ ಎಂದು ಎಣಿಸಿ, ಅದನ್ನು 30ರ ತುಂಡುಗಳಾಗಿ ಮಾಡಿ, ಈಗಿನ ತುಂಡಿನ ಸಂಖ್ಯೆಯನ್ನು ಗುಟ್ಟಿನ ಪದದೊಂದಿಗೆ ಬೆರೆಸಿ ಲೆಕ್ಕ ಹಾಕುತ್ತಾರೆ. ಲೆಕ್ಕದ ರೀತಿ ಒಂದೇ ಆದ್ದರಿಂದ ಉತ್ತರವೂ ಒಂದೇ. ಈ ರೀತಿ ಬಹಿರಂಗವಾಗಿಯೇ ಇದೆ, ಆರ್‌ಎಫ್‌ಸಿ 6238 ಎಂಬ ಹೆಸರಿನಲ್ಲಿ 2011ರಲ್ಲಿ ಪ್ರಕಟವಾಯಿತು. ಗುಟ್ಟಾಗಿರುವುದು ಆ ಪದ ಮಾತ್ರ.

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದರು. ‘ಪಂಚಾಂಗದ ಹಾಗೆ,’ ಎಂದರು. ‘ನನ್ನ ಮನೆಯಲ್ಲೂ ತಂಗಿಯ ಮನೆಯಲ್ಲೂ ಒಂದೇ ಪಂಚಾಂಗ ಇದ್ದರೆ ಇವತ್ತು ಯಾವ ತಿಥಿ ಎಂದು ಫೋನ್ ಮಾಡಿ ಕೇಳಬೇಕಾಗಿಲ್ಲ. ಇಬ್ಬರೂ ತೆರೆದು ನೋಡಿದರೆ ಆಯಿತು.’ ನಾನು ಮೂರು ದಿನ ಬರೆದು ಅಳಿಸಿದ್ದ ವಿವರಣೆಗಿಂತ ಇದು ಚೆನ್ನಾಗಿತ್ತು. ಉಳಿದ ಎಲ್ಲರಿಗೂ ನಾನು ಅವರ ಮಾತನ್ನೇ ಹೇಳಿದೆ. ನಿಮ್ಮ ಪಂಚಾಂಗ ಬೇರೆ ಯಾರ ಬಳಿಯೂ ಇಲ್ಲ ಎಂಬುದನ್ನು ಮಾತ್ರ ಸೇರಿಸಿದೆ.

ಆದರೆ ಅಣ್ಣನ ಫೋನೇ ತಕರಾರು ತೆಗೆಯಿತು. ಸಂಖ್ಯೆ ಸರಿಯಾಗಿ ಒತ್ತಿದರೂ ‘ತಪ್ಪಾಗಿದೆ’ ಎಂದು ಬರುತ್ತಿತ್ತು. ನಾಲ್ಕು ಸಲ, ಐದು ಸಲ. ಅವರ ಮುಖದಲ್ಲಿ ಅವಮಾನ ಕಾಣಿಸತೊಡಗಿತು. ಕೊನೆಗೆ ನೋಡಿದರೆ ಬೆಳಗಿನ ಬಸ್ ತಪ್ಪಬಾರದೆಂದು ಅವರು ಫೋನಿನ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದರು. ಅವರ ಫೋನು ಐದು ನಿಮಿಷದ ನಂತರದ ಸಂಖ್ಯೆಯನ್ನು ಹೇಳುತ್ತಿತ್ತು. ಸಾಮಾನ್ಯವಾಗಿ ಹಿಂದೆ ಮುಂದೆ ಅರ್ಧ ನಿಮಿಷದ ವ್ಯತ್ಯಾಸವನ್ನು ಆ ಕಡೆಯವರು ಸಹಿಸುತ್ತಾರೆ, ಐದು ನಿಮಿಷವನ್ನಲ್ಲ. ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಬದಲಾಯಿಸಿ, ಬಸ್ಸಿಗಾಗಿ ಐದು ನಿಮಿಷ ಮೊದಲೇ ಅಲಾರಾಂ ಇಟ್ಟುಕೊಟ್ಟೆ.

ಹದಿನಾಲ್ಕು ಜನರೊಂದಿಗೆ ಒಬ್ಬೊಬ್ಬರಾಗಿ ಕೂತು ಇದನ್ನು ಮುಗಿಸಲು ಎರಡು ತಿಂಗಳು ಹಿಡಿಯಿತು. ಒಂದೇ ಸುತ್ತೋಲೆ ಹಾಕಿ ‘ಸೋಮವಾರದೊಳಗೆ ಎಲ್ಲರೂ ಮಾಡಿಕೊಳ್ಳತಕ್ಕದ್ದು’ ಎನ್ನಬಹುದಿತ್ತು. ಹಾಗೆ ಮಾಡಿದ ಕಡೆ ಏನಾಗುತ್ತದೆ ಎಂದು ನೋಡಿದ್ದೇನೆ: ಚುರುಕಾದ ಒಬ್ಬ ಹುಡುಗನ ಫೋನಿನಲ್ಲಿ ಎಲ್ಲರ ಖಾತೆಯೂ ಸೇರಿರುತ್ತದೆ, ಅವನು ರಜೆ ಹಾಕಿದ ದಿನ ಕಚೇರಿಗೇ ರಜೆ. ಜೊತೆಯಲ್ಲಿ ಕೂತರೆ ಮಾತ್ರ ಜನ ತಮ್ಮ ನಿಜವಾದ ಅಂಜಿಕೆಯನ್ನು ಹೇಳುತ್ತಾರೆ. ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳು, ‘ನನ್ನ ಸ್ವಂತ ಫೋನಿನಲ್ಲಿ ಕಚೇರಿಯ ಆಪ್ ಹಾಕಿದರೆ ನನ್ನ ಫೋಟೋಗಳನ್ನು ಯಾರಾದರೂ ನೋಡಬಹುದೇ?’ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ನಾವು ಆರಿಸಿದ ಆಪ್ ಲೆಕ್ಕ ಹಾಕುವುದನ್ನು ಬಿಟ್ಟು ಕಚೇರಿಗೆ ಏನನ್ನೂ ತೋರಿಸುವುದಿಲ್ಲ. ಕ್ಯಾಮೆರಾ ಬೇಕಾಗುವುದು ಆ ಚೌಕ ಹಿಡಿಯುವಾಗ ಮಾತ್ರ, ಆಮೇಲೆ ಆ ಅನುಮತಿಯನ್ನು ತೆಗೆದುಬಿಡಬಹುದು. ಅವಳ ಎದುರಿಗೇ ತೆಗೆಸಿದೆ. ಅವಳ ಪ್ರಶ್ನೆ ನ್ಯಾಯವಾದದ್ದು. ಸ್ವಂತ ಫೋನು ಬೇಡವೆನ್ನುವವರಿಗೆ ಬೇರೆ ದಾರಿ ಕೊಡುವುದು ಸಂಸ್ಥೆಯ ಕರ್ತವ್ಯ ಎಂದು ನಾನು ನಂಬುತ್ತೇನೆ.

ಅಂಥ ಬೇರೆ ದಾರಿ ತೋಟದ ರೈಟರಿಗೆ, ಅಂದರೆ ಗುಮಾಸ್ತರಿಗೆ, ಬೇಕಾಯಿತು. ಚೆಕ್‌ರೋಲ್ (ಕೆಲಸದಾಳುಗಳ ಹಾಜರಿ ಪಟ್ಟಿ) ಬರೆದು, ಸಂಜೆ ಕಚೇರಿಗೆ ಬಂದು, ಕಂಪ್ಯೂಟರಿಗೆ ಏರಿಸುವ ಅವರ ಬಳಿ ಇರುವುದು ಗುಂಡಿ ಒತ್ತುವ ಫೋನು. ಅವರಿಗಾಗಿ ಭದ್ರತಾ ಕೀಲಿ ತರಿಸಿದೆವು. ಪೆನ್‌ಡ್ರೈವ್‌ನಷ್ಟು ಚಿಕ್ಕದು. ಕಂಪ್ಯೂಟರಿಗೆ ಚುಚ್ಚಿ, ತನ್ನ ಗುಟ್ಟಿನ ಅಂಕಿ ಒತ್ತಿ, ಬೆರಳು ತಾಗಿಸಿದರೆ ಆಯಿತು. ಅದನ್ನು ಅವರು ಗೋದಾಮಿನ ಬೀಗದ ಕೈಗಳ ಗೊಂಚಲಿಗೇ ಪೋಣಿಸಿಕೊಂಡಿದ್ದಾರೆ.

ಈ ಕೀಲಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆಪ್‌ನ ಆರು ಅಂಕೆಗೂ ಒಂದು ದೌರ್ಬಲ್ಯವಿದೆ. 2024ರ ಜುಲೈಯಲ್ಲಿ ಅಕ್ಕನ ಫೋನಿನಲ್ಲಿ ಆಪ್ ಇದ್ದಿದ್ದರೂ, ಆ ಮೋಸದ ಪುಟ ಪಾಸ್‌ವರ್ಡಿನ ನಂತರ ಆರು ಅಂಕೆಯನ್ನೂ ಕೇಳಿ, ಆ ಅರ್ಧ ನಿಮಿಷದೊಳಗೆ ನಿಜವಾದ ಪುಟಕ್ಕೆ ದಾಟಿಸಿ ಒಳಗೆ ಹೋಗಬಹುದಿತ್ತು. ಈಗಿನ ಕಳ್ಳರು ಹಾಗೆಯೂ ಮಾಡುತ್ತಾರೆ. ಮನುಷ್ಯನ ಕಣ್ಣಿಗೆ ಎರಡು ಪುಟಗಳೂ ಒಂದೇ. ಕೀಲಿ ಹಾಗಲ್ಲ. ಅದನ್ನು ನೋಂದಾಯಿಸಿದ ತಾಣದ ವಿಳಾಸಕ್ಕೆ ಅದರ ಉತ್ತರ ಕಟ್ಟುಬಿದ್ದಿರುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಕೀಲಿ ಉತ್ತರ ಕೊಡುವುದಿಲ್ಲ, ಪುಟ ಎಷ್ಟೇ ಚೆನ್ನಾಗಿ ವೇಷ ಹಾಕಿರಲಿ. ವೆಬ್‌ಆಥೆನ್ ಎಂಬ ಈ ವ್ಯವಸ್ಥೆಯನ್ನು ವೆಬ್ ಮಾನದಂಡಗಳ ಒಕ್ಕೂಟ 2019ರ ಮಾರ್ಚ್‌ನಲ್ಲಿ ಅಧಿಕೃತಗೊಳಿಸಿತು. ಈಗ ಪಾಸ್‌ಕೀ ಎಂಬ ಹೆಸರಿನಲ್ಲಿ ಫೋನುಗಳೊಳಗೂ ಬಂದಿರುವುದು ಇದರದೇ ರೂಪ. ಕೀಲಿ ಒಂದೊಂದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಒಬ್ಬರಿಗೆ ಎರಡು ಬೇಕು, ಒಂದು ಕಳೆದರೆ ಇನ್ನೊಂದು ಇರಲೆಂದು. ಹಾಗಾಗಿ ಎಲ್ಲರಿಗೂ ಕೊಡಲಾಗಲಿಲ್ಲ. ಮಾಲೀಕರಿಗೆ, ರೈಟರಿಗೆ, ನನಗೆ ಎಂದು ಮೊದಲು ಪಟ್ಟಿ ಮಾಡಿದ್ದೆವು. ಅಕ್ಕನ ಹೆಸರನ್ನು ಸೇರಿಸಿದ್ದು ಮಾಲೀಕರೇ. ಕೀಲಿಯ ಪೊಟ್ಟಣವನ್ನು ಅವರ ಮೇಜಿನ ಮೇಲೆ ತಾವೇ ಇಟ್ಟು, ‘ಇದು ನಿಮ್ಮ ಬಳಿ ಇರಲಿ’ ಎಂದಷ್ಟೇ ಹೇಳಿದರು. ಅಕ್ಕನಿಗೆ ಅಂದು ಬಹುಶಃ ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಫೋನಿಗೆ ‘ಒಪ್ಪುವಿರಾ?’ ಎಂದು ಕೇಳಿಕೊಂಡು ಬರುವ ಇನ್ನೊಂದು ವಿಧಾನವಿದೆ. ಅದರಲ್ಲಿ ಒಂದು ಅಪಾಯ ಇದೆ: ರಾತ್ರಿ ಮಲಗುವ ಹೊತ್ತಿಗೆ ಮೇಲಿಂದ ಮೇಲೆ ಕೇಳಿದರೆ ಬೇಸತ್ತು ಒತ್ತಿಬಿಡುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಸಂಸ್ಥೆಯ ಒಳಗೆ ಕಳ್ಳರು ಹೋದದ್ದು ಗುತ್ತಿಗೆಯ ಕೆಲಸಗಾರರೊಬ್ಬರು ಹೀಗೆ ಒಪ್ಪಿದ್ದರಿಂದ. ನಮ್ಮವರಿಗೆ ನಾನು ಹೇಳಿರುವುದು ಇಷ್ಟೇ: ನೀವು ಬಾಗಿಲು ತಟ್ಟದೆ ಇದ್ದಾಗ ‘ತಟ್ಟಿದವರು ನೀವೇನಾ?’ ಎಂದು ಫೋನ್ ಕೇಳಿದರೆ, ಅಲ್ಲ ಎನ್ನಿ, ಆಮೇಲೆ ನನ್ನನ್ನು ಎಬ್ಬಿಸಿ. ಎಷ್ಟು ಹೊತ್ತಾಗಿದ್ದರೂ ಎಬ್ಬಿಸಿ.

ನಾವು ಈ ಕೆಲಸ ಮುಗಿಸಿದ ಕೆಲವೇ ತಿಂಗಳಲ್ಲಿ ಸರಕಾರದ ಕಡೆಯಿಂದಲೂ ಅದೇ ಬಂತು. 50,000 ರೂಪಾಯಿ ಮೀರಿದ ಸರಕನ್ನು ಲಾರಿಗೆ ಹಾಕಿ ಹೊರರಾಜ್ಯಕ್ಕೆ ಕಳುಹಿಸುವಾಗ ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಚೀಟಿ ಬೇಕು. ಅದರ ತಾಣಕ್ಕೆ ಎರಡನೆಯ ಹಂತವನ್ನು 2025ರ ಜನವರಿ 1ರಿಂದ 20 ಕೋಟಿ ಮೀರಿದ ವಹಿವಾಟಿನವರಿಗೆ, ಫೆಬ್ರುವರಿ 1ರಿಂದ 5 ಕೋಟಿ ಮೀರಿದವರಿಗೆ, ಏಪ್ರಿಲ್ 1ರಿಂದ ಉಳಿದ ಎಲ್ಲರಿಗೂ ಕಡ್ಡಾಯ ಮಾಡಿದರು. ನಮ್ಮ ಸರದಿ ಏಪ್ರಿಲ್‌ನಲ್ಲಿ. ಸುತ್ತಮುತ್ತಲಿನ ಎಷ್ಟೋ ವ್ಯಾಪಾರಿಗಳು ಎಸ್‌ಎಂಎಸ್ ಕಾದು ಕೂತಿದ್ದನ್ನು, ಲಾರಿ ಚಾಲಕರು ಗೇಟಿನಲ್ಲಿ ಹಾರ್ನ್ ಹಾಕಿದ್ದನ್ನು ಕೇಳಿದ್ದೇನೆ. ಅವರಲ್ಲಿ ಅನೇಕರಿಗೆ ತಿಳಿಯದ ಮಾತೆಂದರೆ, ಅದೇ ವ್ಯವಸ್ಥೆಗೆ ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆಪ್ ಇದೆ. ಅದೂ 30 ಸೆಕೆಂಡಿನ ಲೆಕ್ಕದ್ದೇ, ಸಂಖ್ಯೆ ತೋರಿಸಲು ಅದಕ್ಕೆ ನೆಟ್‌ವರ್ಕ್ ಬೇಡ. ಕೊಡಗಿನಂಥ ಜಿಲ್ಲೆಯಲ್ಲಿ ಇದನ್ನು ಪ್ರತಿ ಅಂಗಡಿಯ ಗೋಡೆಗೆ ಅಂಟಿಸಬೇಕಿತ್ತು. ಇನ್ನೊಂದು ಅನುಕೂಲ: ಅಲ್ಲಿ ಉಪಬಳಕೆದಾರರನ್ನು ಬೇರೆ ಬೇರೆಯಾಗಿ ನೋಂದಾಯಿಸಬಹುದು, ಒಬ್ಬೊಬ್ಬರ ಒಟಿಪಿ ಅವರವರ ಫೋನಿನಲ್ಲಿ. ಗೋದಾಮಿನ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದ, ಮೂವರೂ ಬಳಸುತ್ತಿದ್ದ ಒಂದೇ ಪಾಸ್‌ವರ್ಡ್ ಅಂದಿಗೆ ಮುಗಿಯಿತು.

ಇಷ್ಟೆಲ್ಲ ಆದ ಮೇಲೆ ನನ್ನ ನಿದ್ದೆ ಕೆಡಿಸಿದ ಪ್ರಶ್ನೆ ಬೇರೆ. ಫೋನೇ ಹೋದರೆ?

ಇದು ನಮ್ಮಲ್ಲಿ ಸುಮ್ಮನೆ ಕೇಳುವ ಪ್ರಶ್ನೆಯಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದರು. ಪರಿಹಾರ ಕೇಂದ್ರಗಳಲ್ಲಿ ಪಡಿತರ ಚೀಟಿ ಇಲ್ಲದ, ಆಧಾರ್ ಇಲ್ಲದ, ಪಾಸ್‌ಬುಕ್ ಇಲ್ಲದ ಮನುಷ್ಯರು ತಾವು ತಾವೇ ಎಂದು ಮತ್ತೆ ಮತ್ತೆ ಹೇಳಬೇಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆ ಮಣ್ಣಿನಡಿ ಹೋದವರನ್ನು ಪುರಾವೆ ಕೇಳುವುದು ಎಷ್ಟು ಕಠಿಣವಾದ ಕೆಲಸ ಎಂದು ಆಗ ತಿಳಿಯಿತು. ನಾವು ಹಾಕುವ ಬೀಗ ಅಂಥ ದಿನವೊಂದರಲ್ಲಿ ನಮ್ಮವರನ್ನೇ ಹೊರಗೆ ನಿಲ್ಲಿಸುವುದಾದರೆ ಅದನ್ನು ಹಾಕುವ ಹಕ್ಕು ನನಗಿಲ್ಲ.

ಅದಕ್ಕಾಗಿ ಇರುವುದು ಬ್ಯಾಕಪ್ ಕೋಡ್. ಗೂಗಲ್ ಖಾತೆಯಾದರೆ ಎಂಟೆಂಟು ಅಂಕೆಯ ಹತ್ತು ಸಂಖ್ಯೆಗಳನ್ನು ಕೊಡುತ್ತದೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಇದನ್ನು ಎಷ್ಟೋ ಜನ ಮುಂದಿನ ಗುಂಡಿ ಒತ್ತುವ ಅವಸರದಲ್ಲಿ ಬಿಟ್ಟುಬಿಡುತ್ತಾರೆ, ಇಲ್ಲವೇ ಅದೇ ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳುತ್ತಾರೆ. ಫೋನಿನೊಂದಿಗೇ ಅದೂ ಹೋಗುತ್ತದೆ. ನಾವು ಕಾಗದಕ್ಕೆ ಇಳಿಸಿದೆವು. ಮೊದಲ ಸಲ ಪ್ರಿಂಟರಿನಲ್ಲಿ ತೆಗೆದು ಲಕೋಟೆಗಳಲ್ಲಿ ಹಾಕಿ ಕಬ್ಬಿಣದ ಬೀರುವಿನಲ್ಲಿ ಇಟ್ಟೆವು. ಮೂರು ವಾರದಲ್ಲಿ ತೇವಕ್ಕೆ ಇಂಕು ಹರಡಿ 3 ಯಾವುದು, 8 ಯಾವುದು ತಿಳಿಯದಂತಾಯಿತು, ಲಕೋಟೆಯ ಮೇಲೆ ಬೂಷ್ಟು ಹಿಡಿದಿತ್ತು. ಕೊಡಗಿನ ಮಳೆಗಾಲದಲ್ಲಿ ಕಾಗದ ಇಡುವುದನ್ನು ಅಕ್ಕನಿಂದ ಕಲಿಯಬೇಕು. ಪೆನ್ಸಿಲ್ ಇಂಕಿನಂತೆ ಹರಡುವುದಿಲ್ಲ ಎಂದು ಅವರು ಹೇಳಿದರು. ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಏಲಕ್ಕಿ ತುಂಬುವ ತಗಡಿನ ಡಬ್ಬದಲ್ಲಿ ಇಟ್ಟೆವು. ಸಂಸ್ಥೆಯ ಮುಖ್ಯ ಖಾತೆಯ ಇನ್ನೊಂದು ಪ್ರತಿ ಮಡಿಕೇರಿಯ ಬ್ಯಾಂಕ್ ಲಾಕರಿನಲ್ಲಿದೆ, ಏಕೆಂದರೆ ನಮ್ಮ ಕಚೇರಿಯೂ ಇಳಿಜಾರಿನ ಮೇಲೆಯೇ ಇದೆ.

2025ರಲ್ಲಿ ಮಳೆ ಬೇಗ ಬಂತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಎರಡೇ ದಿನದಲ್ಲಿ ನಮ್ಮಲ್ಲಿ ಚರಂಡಿಗಳು ತುಂಬಿ ಹರಿದವು. ಮಳೆಗೆ ಮುಂಚೆ ಒಮ್ಮೆ ಡಬ್ಬ ತೆಗೆದು ನೋಡಬೇಕೆಂದು ಇಟ್ಟುಕೊಂಡಿದ್ದ ನೇಮ ಹಾಗಾಗಿ ಮಳೆಯ ನಡುವೆಯೇ ನಡೆಯಿತು. ಹದಿನಾಲ್ಕು ಹೊದಿಕೆಗಳೂ ಒಣಗಿದ್ದವು. ಹದಿಮೂರರಲ್ಲಿ ಹತ್ತು ಹತ್ತು ಸಾಲುಗಳು ಇದ್ದ ಹಾಗೆಯೇ ಇದ್ದವು. ಅಣ್ಣನ ಹೊದಿಕೆಯಲ್ಲಿ ಮಾತ್ರ ಮೊದಲ ಸಾಲಿಗೆ ಗೀಟು ಬಿದ್ದಿತ್ತು: ಡಿಸೆಂಬರಿನಲ್ಲಿ ಅವರ ಫೋನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ತೊಟ್ಟಿಗೆ ಬಿದ್ದ ದಿನದ್ದು. ಅಂದು ಗೇಟಿನಲ್ಲಿ ಲಾರಿ ನಿಂತಿತ್ತು. ಅವರು ಡಬ್ಬ ತೆರೆಸಿ, ಕನ್ನಡಕ ಹಾಕಿಕೊಂಡು, ಎಂಟು ಅಂಕೆಗಳನ್ನು ಒಂದೊಂದಾಗಿ ಒತ್ತಿ ಒಳಗೆ ಹೋದರು, ಕೂಡಲೇ ಪೆನ್ಸಿಲ್ ಕೇಳಿ ಆ ಸಾಲಿನ ಮೇಲೆ ತಾವೇ ಗೀಟು ಎಳೆದರು. ಹೊಸ ಫೋನ್ ತಂದ ಮರುದಿನ ಚೌಕವನ್ನು ಮತ್ತೆ ಹಿಡಿಯುವಾಗ ನನ್ನನ್ನು ಕರೆಯಲಿಲ್ಲ.

ಆ ಮೇ ತಿಂಗಳ ಸೋಮವಾರ ಅಣ್ಣನಿಗೆ ಹೊಸ ಹತ್ತು ಸಂಖ್ಯೆಗಳನ್ನು ತೆಗೆದೆವು. ನಾನು ಓದಲಿಲ್ಲ, ಅವರೇ ಪರದೆ ನೋಡಿ ಬರೆದುಕೊಂಡರು. ಹಳೆಯ ಹಾಳೆಯನ್ನು ಅಕ್ಕ ಒಲೆಗೆ ಹಾಕಿದರು. ಹೊಸ ಹೊದಿಕೆಯನ್ನು ಅಂಟಿಸಿ, ಮೇಲೆ ದಿನಾಂಕ ಬರೆದು, ಅದರ ಪಕ್ಕದಲ್ಲಿ ಅಭ್ಯಾಸಬಲದಿಂದ ‘3 ಇಂಚು 15 ಸೆಂಟ್’ ಎಂದು ಬರೆದು ಡಬ್ಬದೊಳಗೆ ಇಟ್ಟರು.